ನವರಂಗದ ಕತ್ತಲೆ, ತೊಟ್ಟಿಯ ಬೆಳಕು

ಹಾಸನದಲ್ಲಿ ಒಂದು ಭಾನುವಾರ ಬೆಳಿಗ್ಗೆ, ಕ್ಯಾಮೆರಾ ಹುಚ್ಚಿರುವ ಮೂವತ್ತು ನಲವತ್ತು ಜನರ ಮುಂದೆ ಆಡಿದ ಮಾತನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಲ್ಲಿ ಪರದೆ ಮೇಲೆ ಫೋಟೊ ತೋರಿಸಿದ್ದೆ. ಇಲ್ಲಿ ಅವನ್ನು ಮಾತಿನಲ್ಲೇ ಹೇಳಬೇಕು. ಮಾತು ದಾರಿ ತಪ್ಪಿದ ಕಡೆ ಕತ್ತರಿ ಹಾಕಿದ್ದೇನೆ, ಎಲ್ಲಾ ಕಡೆ ಅಲ್ಲ.

ಎಲ್ಲರಿಗೂ ನಮಸ್ಕಾರ. ಒಳ್ಳೆ ಫೋಟೊ ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ನಾನು ಮೊದಲು ನನ್ನದೇ ಒಂದು ಕೆಟ್ಟ ಫೋಟೊ ತೋರಿಸುತ್ತೇನೆ.

ಇದು ಬೇಲೂರು. ಚೆನ್ನಕೇಶವ ದೇವಾಲಯದ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ. ಏಪ್ರಿಲ್ ತಿಂಗಳು, ಬೆಳಿಗ್ಗೆ ಹನ್ನೊಂದೂವರೆ. ಚಪ್ಪಲಿ ಹೊರಗೆ ಬಿಟ್ಟಿದ್ದೆ, ಅಂಗಳದ ಕಲ್ಲು ಕಾದ ಹೆಂಚಾಗಿತ್ತು. ಕುಣಿದುಕೊಂಡು ಓಡಿ ಒಳಗೆ ನುಗ್ಗಿದೆ. ನುಗ್ಗಿದವನೇ ಕ್ಯಾಮೆರಾ ಎತ್ತಿದೆ. ಏನಾಗಿದೆ ನೋಡಿ. ಎದುರಿನ ಬಾಗಿಲು ಬಿಳಿ ಹಾಳೆ ಅಂಟಿಸಿದ ಹಾಗಿದೆ. ಕಂಬಗಳು ಮಸಿ. ಚಾವಣಿಯೂ ಬರಲಿ ಅಂತ ಲೆನ್ಸ್ ಮೇಲಕ್ಕೆ ಎತ್ತಿದ್ದಕ್ಕೆ ಎರಡೂ ಬದಿಯ ಕಂಬಗಳು ಒಳಗೆ ವಾಲಿವೆ. ಒಂಬೈನೂರು ವರ್ಷ ನೆಟ್ಟಗೆ ನಿಂತಿದ್ದವನ್ನು ನಾನು ಒಂದು ಕ್ಲಿಕ್ಕಿನಲ್ಲಿ ವಾಲಿಸಿಬಿಟ್ಟಿದ್ದೇನೆ. ಎಡಗಡೆ ಬಲ್ಬಿನ ಹಳದಿ. ಬಲಗಡೆ ಯಾರದೋ ಮೊಣಕೈ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಸರಿ ಮಾಡಲು ಕೂತೆ. ನೆರಳು ಏರಿಸುವ ಸ್ಲೈಡರನ್ನು ಕೊನೆವರೆಗೂ ಎಳೆದೆ. ಬೆಳಕು ಇಳಿಸುವುದನ್ನೂ ಕೊನೆವರೆಗೂ ಎಳೆದೆ. ಬಂದಿದ್ದು ಇದು, ಎರಡನೇ ಫೋಟೊ. ಈಗ ಎಲ್ಲಾ ಕಾಣುತ್ತೆ. ಆದರೆ ನೋಡಲು ಏನೂ ಇಲ್ಲ. ನೀರು ಜಾಸ್ತಿಯಾದ ಸಾರಿನ ಹಾಗೆ, ತರಕಾರಿ ಎಲ್ಲಾ ಇದೆ, ರುಚಿ ಇಲ್ಲ.

ಇವತ್ತು ಇಡೀ ಮಾತು ಈ ಎರಡನೇ ಫೋಟೊ ಬಗ್ಗೆಯೇ. ಮೊದಲನೆಯದು ಎಲ್ಲರೂ ಮಾಡುವ ತಪ್ಪು. ಎರಡನೆಯದು ಸ್ವಲ್ಪ ಕಲಿತವರು ಮಾಡುವ ತಪ್ಪು. ಒಳಾಂಗಣದ ಫೋಟೊ ಅಂದರೆ ಕತ್ತಲೆ ಓಡಿಸುವ ಕೆಲಸ ಅಂತ ನಾವು ಅಂದುಕೊಂಡಿದ್ದೇವೆ. ಅಲ್ಲ. ಯಾವ ಕತ್ತಲೆ ಇರಬೇಕು, ಎಲ್ಲಿರಬೇಕು ಅಂತ ಗೊತ್ತುಮಾಡುವ ಕೆಲಸ ಅದು.

ಬೇಲೂರಿನ ನವರಂಗದ ವಿಷಯದಲ್ಲಿ ಒಂದು ಸ್ವಾರಸ್ಯ ಇದೆ. ವಿಷ್ಣುವರ್ಧನ 1117ರಲ್ಲಿ ಈ ಗುಡಿ ಪ್ರತಿಷ್ಠೆ ಮಾಡಿಸಿದಾಗ ಈ ಮಂಟಪ ತೆರೆದೇ ಇತ್ತು. ಸುತ್ತಲ ಗೋಡೆ, ಜಾಲಂದ್ರಗಳು (ತೂತು ಕೊರೆದ ಕಲ್ಲಿನ ಕಿಟಕಿಗಳು) ಬಂದಿದ್ದು ಅವನ ಮೊಮ್ಮಗ ಎರಡನೇ ವೀರಬಲ್ಲಾಳನ ಕಾಲದಲ್ಲಿ ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಅಂದರೆ ಶಾಂತಲಾದೇವಿ ನೋಡಿದ ನವರಂಗಕ್ಕೆ ನಾಲ್ಕು ಕಡೆಯಿಂದ ಗಾಳಿ ಬೆಳಕು ಬರುತ್ತಿತ್ತು. ನಾವು ನೋಡುತ್ತಿರುವ ಕತ್ತಲೆಯನ್ನು ಆಮೇಲೆ ಕಟ್ಟಿದ್ದು. ಒಳಗೆ ಹೇಗಿರುತ್ತಿತ್ತು ಅಂತ ಅಂದಾಜು ಬೇಕಾದರೆ ಬೆಳವಾಡಿಗೆ ಹೋಗಿ. ಹಳೇಬೀಡಿನಿಂದ ಸ್ವಲ್ಪ ದೂರ, ಜಿಲ್ಲೆ ಮಾತ್ರ ಚಿಕ್ಕಮಗಳೂರು. ಅಲ್ಲಿ ವೀರನಾರಾಯಣ ಗುಡಿಯ ದೊಡ್ಡ ಮಂಟಪ ತೆರೆದಿದೆ. ಅದೇ ತರದ ಹೊಳೆಯುವ ಕಂಬಗಳು, ಆದರೆ ಬೆಳಕು ಮೆತ್ತಗೆ ಒಳಗೆಲ್ಲಾ ಹರಡಿರುತ್ತೆ. ಎರಡೂ ಕಡೆ ಒಂದೇ ಸೆಟ್ಟಿಂಗ್ ಇಟ್ಟುಕೊಂಡು ಹೋದರೆ ಒಂದು ಕಡೆಯಾದರೂ ಕೆಡುವುದು ಗ್ಯಾರಂಟಿ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಗುಣಿಸುವುದು ಅಷ್ಟೇ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ. ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಸಣ್ಣದಾದಷ್ಟು ಕಿಂಡಿ ದೊಡ್ಡದು. ಹೊರಗೆ ಬಿಸಿಲಿನಲ್ಲಿ ಐಎಸ್‌ಒ 100 ಇಟ್ಟರೆ ಎಫ್ 16, ಸೆಕೆಂಡಿನ 125ನೇ ಒಂದು ಭಾಗ ಸಾಕು. ಅದೇ ಐಎಸ್‌ಒದಲ್ಲಿ ಒಳಗಿನ ಕಂಬಕ್ಕೆ ನನಗೆ ಎಫ್ 8ರಲ್ಲಿ ಎರಡು ಸೆಕೆಂಡ್ ಬೇಕಾಯಿತು. ಕಿಂಡಿಯಿಂದ ನಾಲ್ಕು ಪಟ್ಟು, ಸಮಯದಿಂದ ಇನ್ನೂರೈವತ್ತು ಪಟ್ಟು, ಗುಣಿಸಿ ನೋಡಿ, ಸಾವಿರ ಪಟ್ಟು ವ್ಯತ್ಯಾಸ. ನಮ್ಮ ಭಾಷೆಯಲ್ಲಿ ಹತ್ತು ಸ್ಟಾಪ್, ಬೆಳಕು ಒಂದು ಸಲ ದುಪ್ಪಟ್ಟಾದರೆ ಒಂದು ಸ್ಟಾಪ್. ಒಳ್ಳೆ ಕ್ಯಾಮೆರಾದ ಸೆನ್ಸರ್ ಹದಿನಾಲ್ಕು ಸ್ಟಾಪಿನ ತನಕ ಹಿಡಿಯುತ್ತದೆ, ನಿಜ. ಆದರೆ ಕಾಗದದ ಮೇಲಿನ ಪ್ರಿಂಟ್ ಸುಮಾರು ಅದರ ಅರ್ಧ ಮಾತ್ರ ತೋರಿಸಬಲ್ಲದು. ಹಾಗಾಗಿ ಏನಾದರೊಂದು ಬಿಡಲೇಬೇಕು. ಎಲ್ಲವನ್ನೂ ತುರುಕಲು ಹೋದರೆ ಆ ನೀರು ಸಾರು.

ನಮ್ಮ ಕಣ್ಣು ಇದನ್ನೆಲ್ಲಾ ಹೇಗೆ ನೋಡುತ್ತೆ ಅಂತ ಕೇಳಬಹುದು. ಕಣ್ಣು ಒಂದೇ ಸಲಕ್ಕೆ ನೋಡುವುದಿಲ್ಲ. ಬಾಗಿಲು ನೋಡುವಾಗ ಒಂದು ತರ, ಮೂಲೆ ನೋಡುವಾಗ ಇನ್ನೊಂದು ತರ ಹೊಂದಿಕೊಳ್ಳುತ್ತದೆ. ಅದಕ್ಕೂ ಸಮಯ ಬೇಕು. ಬಿಸಿಲಿನಿಂದ ಒಳಗೆ ಬಂದ ಮೊದಲ ಎರಡು ನಿಮಿಷ ಏನೂ ಕಾಣಲ್ಲ, ಅಲ್ವಾ? ಅದಕ್ಕೇ ನಾನು ಈಗ ಒಳಗೆ ಹೋದರೆ ಹತ್ತು ನಿಮಿಷ ಕ್ಯಾಮೆರಾ ಬ್ಯಾಗಿನಿಂದ ತೆಗೆಯುವುದಿಲ್ಲ. ಸುಮ್ನೆ ಕೂರುತ್ತೇನೆ. ಕಣ್ಣು ಪಳಗಿದ ಮೇಲೆ ಒಂದು ಕೆಲಸ ಮಾಡುತ್ತೇನೆ, ಕಣ್ಣು ಅರ್ಧ ಮುಚ್ಚುತ್ತೇನೆ. ರೆಪ್ಪೆ ಸಂದಿನಲ್ಲಿ ನೋಡಿದಾಗ ಕೆತ್ತನೆ ಎಲ್ಲಾ ಮಾಯವಾಗಿ, ಕಪ್ಪು ಬಿಳಿಯ ದೊಡ್ಡ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಆ ತುಂಡುಗಳು ಚೆನ್ನಾಗಿ ಕೂತಿದ್ದರೆ ಫೋಟೊ ಚೆನ್ನಾಗಿರುತ್ತೆ. ಕೂತಿಲ್ಲದಿದ್ದರೆ ಎಷ್ಟು ದುಡ್ಡಿನ ಲೆನ್ಸ್ ಇದ್ದರೂ ಅಷ್ಟೇ.

ಇನ್ನು ಕಂಬದ ವಿಷಯ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯವರು ಇದನ್ನು ಕಲಿಯದೆ ಗತಿ ಇಲ್ಲ.

ಹೊಯ್ಸಳರ ಕಲ್ಲು ಬಳಪದ ಕಲ್ಲು. ಮೆತ್ತಗಿನ ಕಲ್ಲು, ಅದಕ್ಕೇ ಅಷ್ಟು ಸಣ್ಣ ಕೆಲಸ ಸಾಧ್ಯವಾಯಿತು. ಒಳಗಿನ ಕಂಬಗಳನ್ನು ತಿರುಗಣಿಗೆ ಹಾಕಿ ತಿರುಗಿಸಿ, ಬಳೆ ಜೋಡಿಸಿದ ಹಾಗೆ ಅಂಚುಗಳನ್ನು ಮಾಡಿ, ನುಣುಪು ಕೊಟ್ಟಿದ್ದಾರೆ. ಹಳೇಬೀಡಿನ ಬಸದಿಹಳ್ಳಿಯಲ್ಲಿ ಪಾರ್ಶ್ವನಾಥ ಬಸದಿಯ ಕಂಬಗಳ ಮುಂದೆ ಜನ ಮುಖ ನೋಡಿಕೊಂಡು ಕ್ರಾಪು ಸರಿ ಮಾಡಿಕೊಳ್ಳುತ್ತಾರೆ. ಅಷ್ಟು ಕನ್ನಡಿ.

ಈ ಕಂಬವನ್ನು ಬೆಳಗುವುದು ಹೇಗೆ? ಇಲ್ಲೇ ಎಲ್ಲರೂ ಎಡವುವುದು. ಸುಣ್ಣದ ಗೋಡೆಗೆ ಬೆಳಕು ಬಿಟ್ಟರೆ ಗೋಡೆ ಬೆಳಗುತ್ತದೆ. ಹೊಳಪಿನ ಕಪ್ಪು ಕಲ್ಲಿಗೆ ಬೆಳಕು ಬಿಟ್ಟರೆ ಕಲ್ಲು ಬೆಳಗುವುದಿಲ್ಲ, ನೀವು ಬಿಟ್ಟ ಬೆಳಕೇ ಅದರೊಳಗೆ ಒಂದು ಚುಕ್ಕೆಯಾಗಿ ಕಾಣುತ್ತದೆ. ಫ್ಲಾಶ್ ಹೊಡೆದ ಫೋಟೊಗಳಲ್ಲಿ ಕಂಬದ ಹೊಟ್ಟೆ ಮೇಲೆ ಬಿಳಿ ಬೊಟ್ಟು ಇರುತ್ತದಲ್ಲ, ಅದು ಇದೇ. ಕಂಬ ಒಂದು ಉಬ್ಬು ಕನ್ನಡಿ. ಅದರ ಎದುರಿಗೆ ಏನಿದೆಯೋ ಅದು ಸಣ್ಣದಾಗಿ, ಉದ್ದುದ್ದ ಗೆರೆಯಾಗಿ ಅದರೊಳಗೆ ಕೂರುತ್ತದೆ. ಆದ್ದರಿಂದ ಕಂಬ ನೋಡಬೇಡಿ, ಕಂಬ ಏನನ್ನು ನೋಡುತ್ತಿದೆ ಅಂತ ನೋಡಿ.

ಈ ಮೂರನೇ ಫೋಟೊ ನೋಡಿ. ಅದೇ ನವರಂಗ, ಅದೇ ಕ್ಯಾಮೆರಾ. ನಾನು ಮಾಡಿದ್ದು ಇಷ್ಟೇ, ಎಡಕ್ಕೆ ಮೂರು ಹೆಜ್ಜೆ ಹೋದೆ. ಬಾಗಿಲು ಚೌಕಟ್ಟಿನಿಂದ ಹೊರಗೆ ಹೋಯಿತು. ಆದರೆ ಬಾಗಿಲಿನ ಬೆಳಕು ಹೋಗಲಿಲ್ಲ. ಅದು ಕಂಬದ ಬಲ ಅಂಚಿನಲ್ಲಿ ಬೆಳ್ಳಿ ದಾರದ ಹಾಗೆ ಮೇಲಿನಿಂದ ಕೆಳಗೆ ಇಳಿದಿದೆ. ಪ್ರತಿ ಬಳೆಯ ಅಂಚಿಗೂ ಒಂದೊಂದು ಮಿಂಚು. ಕಂಬದ ಉಳಿದ ಭಾಗ ಪೂರ್ತಿ ಕಪ್ಪು, ಇರಲಿ ಬಿಡಿ. ಆ ಕಪ್ಪು ಇರುವುದರಿಂದಲೇ ಅದು ದುಂಡಗೆ ಕಾಣುತ್ತಿದೆ. ಇಲ್ಲಿ ನೆರಳು ಏರಿಸಿದ್ದರೆ ಕಂಬ ಚಪ್ಪಟೆ ಹಲಗೆ ಆಗುತ್ತಿತ್ತು.

ಕೆತ್ತನೆಗೂ ಇದೇ ಮಾತು. ನವರಂಗದ ಒಳಗೆ ನಡುವಿನ ನಾಲ್ಕು ಕಂಬಗಳ ಮೇಲೆ ನಾಲ್ಕು ಮದನಿಕೆಯರಿದ್ದಾರೆ. ಬಾಕಿ ಮೂವತ್ತೆಂಟು ಜನ ಹೊರಗೆ. ಗೈಡ್‌ಗಳು ಟಾರ್ಚ್ ಬಿಟ್ಟು ತೋರಿಸುವುದನ್ನು ಗಮನಿಸಿ. ಅನುಭವ ಇರುವವರು ನೇರವಾಗಿ ಮುಖಕ್ಕೆ ಬಿಡುವುದಿಲ್ಲ, ಪಕ್ಕಕ್ಕೆ ಸರಿದು ಓರೆಯಾಗಿ ಬಿಡುತ್ತಾರೆ. ಆಗ ಬಳೆ, ಹಾರ, ಬಳ್ಳಿ ಎಲ್ಲಕ್ಕೂ ಒಂದೊಂದು ನೆರಳು ಹುಟ್ಟುತ್ತದೆ. ಅವರು ಯಾವ ಫೋಟೊ ಕ್ಲಾಸಿಗೂ ಹೋದವರಲ್ಲ. ನಾನು ಓರೆ ಬೆಳಕು ಕಲಿತಿದ್ದು ಅವರಿಂದಲೇ.

ಯಾವ ಹೊತ್ತಿಗೆ ಹೋಗಬೇಕು ಅಂತ ಯಾವಾಗಲೂ ಕೇಳುತ್ತಾರೆ. ಮೋಡ ಕವಿದ ದಿನ ಹೋಗಿ. ಜೂನ್, ಜುಲೈನಲ್ಲಿ ಪ್ರವಾಸಿಗಳು ಮಳೆ ಬಂತು ಅಂತ ಮುಖ ಸಿಂಡರಿಸುತ್ತಾರೆ, ನಮಗೆ ಅದೇ ಹಬ್ಬ. ಹೊರಗಿನ ಬೆಳಕು ಮೂರು ನಾಲ್ಕು ಸ್ಟಾಪ್ ಇಳಿಯುತ್ತದೆ, ಒಳಗಿನದು ಅಷ್ಟು ಇಳಿಯುವುದಿಲ್ಲ. ಹತ್ತು ಸ್ಟಾಪಿನ ಜಗಳ ಎಷ್ಟೋ ಕಡಿಮೆಯಾಗುತ್ತದೆ. ಮೇಲಾಗಿ ಕಾಲೂ ಸುಡುವುದಿಲ್ಲ.

ಚೌಕಟ್ಟಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕ್ಯಾಮೆರಾ ಮಟ್ಟವಾಗಿರಲಿ. ಮೇಲಕ್ಕೂ ಬಗ್ಗಬಾರದು, ಕೆಳಕ್ಕೂ ಬಗ್ಗಬಾರದು. ಬಗ್ಗಿದರೆ ಕಂಬ ವಾಲುತ್ತದೆ. ಚಾವಣಿ ಜಾಸ್ತಿ ಬೇಕಾದರೆ ಹಿಂದಕ್ಕೆ ಹೋಗಿ, ಕ್ಯಾಮೆರಾ ಅಡ್ಡ ಹಿಡಿದಿದ್ದನ್ನು ಉದ್ದಕ್ಕೆ ಹಿಡಿದು ತೆಗೆಯಿರಿ, ಆಮೇಲೆ ಕೆಳಗಿನ ನೆಲ ಕತ್ತರಿಸಿ. ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಬಹುದು, ಆದರೆ ಹಾಗೆ ಮಾಡಿದಾಗ ಅಂಚು ಕಳೆದುಹೋಗುತ್ತದೆ. ಅದಕ್ಕೆ ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆದಿರಬೇಕು. ನಡುವೆ ನಿಲ್ಲುವುದಾದರೆ ಸರಿಯಾಗಿ ನಡುವೆಯೇ ನಿಲ್ಲಿ. ಒಂದು ಗೇಣು ಆಚೀಚೆ ಆದರೂ ನೋಡುವವರಿಗೆ ಏನೋ ಎಡವಟ್ಟು ಅನ್ನಿಸುತ್ತದೆ. ಓರೆಯಾಗಿ ನಿಲ್ಲುವುದಾದರೆ ಧಾರಾಳವಾಗಿ ಓರೆಯಾಗಿಯೇ ನಿಲ್ಲಿ. ಕಂಬದ ಹಿಂದೆ ಕಂಬ ಅಂಟಿಕೊಂಡಿದ್ದರೆ ಅರ್ಧ ಹೆಜ್ಜೆ ಸರಿಯಿರಿ, ಎರಡರ ನಡುವೆ ಸಂದು ಕಾಣಬೇಕು. ಆ ಸಂದಿನಲ್ಲಿ ಬೆಳಕಿನ ಗೋಡೆ ಬಂದರೆ ನಿಮ್ಮ ಪುಣ್ಯ.

ತುಂಬಾ ಅಗಲಕ್ಕೆ ಹಿಡಿಯುವ ಹದಿನಾರು ಎಂಎಂ ಲೆನ್ಸ್ ಬಗ್ಗೆ ನನಗೆ ಕೋಪ ಇದೆ. ಅದು ಅಂಗೈಯಗಲದ ಕೋಣೆಯನ್ನೂ ಕಲ್ಯಾಣ ಮಂಟಪ ಮಾಡುತ್ತದೆ. ಈ ಕೋಪಕ್ಕೆ ಒಂದು ಕಾರಣ ಇದೆ, ಅದನ್ನು ಹೇಳುತ್ತೇನೆ.

ಸಕಲೇಶಪುರದ ಹತ್ತಿರ ಒಂದು ಹಳೇ ತೊಟ್ಟಿ ಮನೆ. ಈಗ ಹೋಂಸ್ಟೇ ಮಾಡಿದ್ದಾರೆ. ಫೋಟೊ ತೆಗೆದುಕೊಡಿ ಅಂತ ಕರೆದರು. ಹೋದ ಕೂಡಲೇ ಮನೆಯವರು, “ಸಾರ್, ಎಲ್ಲಾ ಲೈಟ್ ಹಾಕ್ಲಾ? ದೊಡ್ಡದಾಗಿ, ಬ್ರೈಟಾಗಿ ಕಾಣ್ಬೇಕು” ಅಂದರು. ಹಾಕಿ ಅಂದೆ. ನಾನು ದುಡ್ಡಿಗೆ ಬಂದವನು. ಅಗಲದ ಲೆನ್ಸ್ ಹಾಕಿ, ನಿಂತ ಎತ್ತರದಿಂದ ಎಲ್ಲಾ ಮೂಲೆ ಬರುವ ಹಾಗೆ ತೆಗೆದೆ. ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕಿನ ಪ್ರಮಾಣ) ಬೇರೆ ಬೇರೆ ಇಟ್ಟು ಐದು ಫೋಟೊ ತೆಗೆದು, ಬೆರೆಸಿ ಒಂದು ಮಾಡಿದೆ. ಪ್ರಿಂಟ್ ಕೊಟ್ಟ ದಿನ ಅವರ ತಾಯಿ ಜಗಲಿ ಮೇಲೆ ಕೂತಿದ್ದರು. ವಯಸ್ಸಾದವರು. ಪ್ರಿಂಟನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, “ಇದ್ಯಾರ ಮನೆ ಮಗಾ?” ಅಂತ ಮಗನನ್ನು ಕೇಳಿದರು.

ಆ ಫೋಟೊ ಇದು. ಗೋಡೆ, ಕಂಬ, ನೆಲ ಎಲ್ಲಾ ಒಂದೇ ಬಣ್ಣದ ಮುದ್ದೆ. ಕಂಪ್ಯೂಟರಿನಲ್ಲಿ ಕಪ್ಪಿಗೆ 0, ಬಿಳಿಗೆ 255 ಅಂತ ಲೆಕ್ಕ ಇದೆಯಲ್ಲ, ಅದರಲ್ಲಿ ಅಳೆದೆ. ಸುಣ್ಣದ ಗೋಡೆ 150. ಪಕ್ಕದ ಹಲಸಿನ ಮರದ ಕಂಬ 120. ಒಂದು ಸುಣ್ಣ ಬಳಿದದ್ದು, ಇನ್ನೊಂದು ತಲೆಮಾರುಗಳ ಎಣ್ಣೆ ಕೈ ತಾಗಿ ಕಪ್ಪಾಗಿದ್ದು. ಎರಡರ ನಡುವೆ ಮೂವತ್ತು ಅಂಕಿ ವ್ಯತ್ಯಾಸ! ಬಲ್ಬುಗಳ ಹಳದಿ ಒಂದು ಕಡೆ, ತೊಟ್ಟಿಯಿಂದ ಇಳಿದ ಆಕಾಶದ ನೀಲಿ ಇನ್ನೊಂದು ಕಡೆ, ಎರಡೂ ಬೆರೆತು ಗೋಡೆಗೆ ಕಾಮಾಲೆ ಬಂದ ಹಾಗಿತ್ತು.

ಜುಲೈನಲ್ಲಿ ಮತ್ತೆ ಹೋದೆ, ಈ ಸಲ ದುಡ್ಡಿಲ್ಲದೆ. ಮೊದಲು ಎಲ್ಲಾ ದೀಪ ಆರಿಸಿದೆ. ಪ್ಲಾಸ್ಟಿಕ್ ಕುರ್ಚಿ, ಕ್ಯಾಲೆಂಡರ್, ನೀರಿನ ಕ್ಯಾನು ಒಳಗೆ ಸಾಗಿಸಿದೆ. ಕ್ಯಾಲೆಂಡರ್ ತೆಗೆದ ಜಾಗದಲ್ಲಿ ಬಿಳಿ ಚೌಕ ಕಂಡಿತು, ಮತ್ತೆ ತೂಗುಹಾಕಿದೆ. ಕ್ಯಾಮೆರಾ ಕೆಳಗಿಳಿಸಿದೆ, ನೆಲದಿಂದ ಎರಡೂವರೆ ಅಡಿ. ಈ ಮನೆಗಳಲ್ಲಿ ಜನ ಬದುಕಿದ್ದು ಕೂತುಕೊಂಡು, ಚಾಪೆ ಮೇಲೆ, ಮಣೆ ಮೇಲೆ, ಜಗಲಿ ಮೇಲೆ. ಕೂತವರ ಕಣ್ಣಿಗೆ ತೊಲೆ ಎತ್ತರದಲ್ಲಿರುತ್ತದೆ, ತೊಟ್ಟಿ ಆಳವಾಗಿರುತ್ತದೆ. ಲೆನ್ಸ್ ಮೂವತ್ತೈದು ಎಂಎಂ. ನಾಲ್ಕೂ ಮೂಲೆ ಬರಲಿಲ್ಲ. ಎರಡು ಕಂಬ, ತೊಟ್ಟಿಯ ಒಂದು ಅಂಚು, ಆಚೆ ನಡುಮನೆಯ ಕತ್ತಲೆ ಬಾಗಿಲು, ಅಷ್ಟೇ.

ಆದರೂ ಕಂಬ ಮಂಕಾಗಿಯೇ ಇತ್ತು. ಕಾರಣ ಹುಡುಕಲು ಹೊತ್ತು ಹಿಡಿಯಿತು. ಈಚೆ ಬದಿಯ ಸುಣ್ಣದ ಗೋಡೆ ತೊಟ್ಟಿಯ ಬೆಳಕನ್ನು ವಾಪಸ್ ಕಂಬದ ನೆರಳಿಗೆ ಎರಚುತ್ತಿತ್ತು. ನೆರಳು ನೆರಳಾಗಲು ಬಿಡುತ್ತಿರಲಿಲ್ಲ. ಸ್ಟುಡಿಯೊದಲ್ಲಾದರೆ ಕಪ್ಪು ಬಟ್ಟೆ ಕಟ್ಟುತ್ತೇವೆ. ಇಲ್ಲಿ ಏನು ಮಾಡುವುದು? “ಕಂಬಳಿ ಇದೆಯಾ?” ಅಂದೆ. ಕರಿ ಕಂಬಳಿ ಎರಡು ತಂದರು, ಗದ್ದೆಗೆ ಹೋಗುವಾಗ ಗೊಪ್ಪೆ ಹಾಕಿಕೊಳ್ಳುವುದು. ಅವನ್ನು ಗೋಡೆ ಮೇಲೆ ಇಳಿಬಿಟ್ಟೆವು, ಚೌಕಟ್ಟಿನ ಆಚೆ, ಕಾಣದ ಹಾಗೆ. ಕರಿ ಕಂಬಳಿಯಷ್ಟು ಬೆಳಕು ನುಂಗುವ ವಸ್ತು ನಾನು ನೋಡಿಲ್ಲ. ಕಂಬದ ಈಚೆ ಬದಿ ತಟ್ಟನೆ ಕಪ್ಪಾಯಿತು. ಕಂಬಕ್ಕೆ ಒಂದು ದಪ್ಪ ಬಂತು.

ಇನ್ನೊಂದು ಕೆಲಸ ಆ ಅಜ್ಜಿ ಮಾಡಿದರು. ಫೋಟೊ ಅಂದರೆ ಮನೆ ಚೊಕ್ಕಟ ಇರಬೇಕು ಅಂತ ಕೆಲಸದವರಿಗೆ ಹೇಳಿ ನೆಲ ಒರೆಸಿಸಿದರು. ಕೆಂಪು ಗಾರೆ ನೆಲ. ಒದ್ದೆಯಾದ ಕೂಡಲೇ ನೆಲ ಎರಡು ಪಟ್ಟು ಕಡು ಕೆಂಪಾಯಿತು. ತೊಟ್ಟಿಯ ಬೆಳಕು ಅದರಲ್ಲಿ ಬಾಗಿಲ ತನಕ ಒಂದು ಪಟ್ಟಿಯಾಗಿ ಹರಿಯಿತು. ಕಣ್ಣನ್ನು ಕಂಬದಿಂದ ಕತ್ತಲೆ ಬಾಗಿಲಿಗೆ ಕರೆದುಕೊಂಡು ಹೋಗಲು ಒಂದು ದಾರಿ ಬೇಕಿತ್ತು, ಅದು ನೆಲದಲ್ಲೇ ಸಿಕ್ಕಿತು. ಒಣಗುವುದರೊಳಗೆ ಆರು ಫೋಟೊ ತೆಗೆದೆ. ಈಗ ಗೋಡೆ 185, ಕಂಬ 45. ಪ್ರಿಂಟ್ ನೋಡಿ ಅಜ್ಜಿ ಏನೂ ಹೇಳಲಿಲ್ಲ, ದೇವರ ಮನೆ ಬಾಗಿಲಿನ ಪಕ್ಕ ಇಟ್ಟರು.

ಕಂಪ್ಯೂಟರಿನ ಕೆಲಸ ಇದರಲ್ಲಿ ಐದು ನಿಮಿಷದ್ದು. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಕಚ್ಚಾ ಫೈಲಿನಲ್ಲಿ ತೆಗೆದಿದ್ದೆ. ಕರ್ವ್‌ನಲ್ಲಿ (ಬೆಳಕು ಕತ್ತಲೆ ತಿದ್ದುವ ಗೆರೆ) ಮೊದಲು ಕಪ್ಪು ಎಲ್ಲಿಂದ ಶುರುವಾಗಬೇಕು ಅಂತ ಗುರುತು ಮಾಡಿದೆ. ಈ ಫೋಟೊದಲ್ಲಿ ಬಾಗಿಲಿನ ಒಳಗಿನ ಒಂದು ಸಣ್ಣ ಜಾಗ ಮಾತ್ರ ಪೂರ್ತಿ ಕಪ್ಪು. ಆಮೇಲೆ ನಡುವಿನ ಟೋನುಗಳನ್ನು ಸ್ವಲ್ಪ ಎಳೆದೆ. ಕೊನೆಗೆ ಬ್ರಷ್ ಹಿಡಿದು ಅಂಚುಗಳಲ್ಲಿ ಅನವಶ್ಯಕವಾಗಿ ಬೆಳಗುತ್ತಿದ್ದ ಎರಡು ಜಾಗ ಮಂಕು ಮಾಡಿದೆ. ಕಣ್ಣು ಬೆಳಕಿನ ಕಡೆ ಓಡುತ್ತದೆ. ಮೂಲೆಯಲ್ಲಿ ಬೆಳಕಿದ್ದರೆ ಚಿತ್ರ ಬಿಟ್ಟು ಹೊರಗೇ ಓಡಿಬಿಡುತ್ತದೆ. ಕಾಂಟ್ರಾಸ್ಟ್ ಅಂತ ಬರೆದಿರುವ ಸ್ಲೈಡರ್ ಮುಟ್ಟಲೇ ಇಲ್ಲ. ಅದು ಇಡೀ ಚಿತ್ರಕ್ಕೆ ಒಂದೇ ಅಳತೆಯಲ್ಲಿ ಉಪ್ಪು ಹಾಕುತ್ತದೆ, ಪಾಯಸಕ್ಕೂ ಸೇರಿಸಿ.

ಬೆರೆಸಿದ ಫೋಟೊ, ಅಂದರೆ ಎಚ್‌ಡಿಆರ್, ಪೂರ್ತಿ ಬೇಡ ಅನ್ನುತ್ತಿಲ್ಲ. ಬೇಲೂರಿನ ಜಾಲಂದ್ರದ ಕೆತ್ತನೆ ಉಳಿಸಿಕೊಳ್ಳಬೇಕಾದರೆ ಎರಡು ಸ್ಟಾಪ್ ಅಂತರದಲ್ಲಿ ಮೂರು ಫೋಟೊ ತೆಗೆಯುತ್ತೇನೆ. ಆದರೆ ಮಂಕಾದ ಫೋಟೊದಿಂದ ಜಾಲಂದ್ರ ಇರುವಷ್ಟು ಜಾಗ ಮಾತ್ರ ತಗೊಳ್ಳುತ್ತೇನೆ. ಆಗಲೂ ಅದು ಒಳಗಿನ ಕಂಬಕ್ಕಿಂತ ಬೆಳ್ಳಗೇ ಇರಬೇಕು. ಕಿಟಕಿ ಗೋಡೆಗಿಂತ ಮಂಕಾಗಿರುವ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಹೊರಗೆ ಗ್ರಹಣ ಹಿಡಿದಿದೆಯೇನೋ ಅನ್ನಿಸುತ್ತದೆ.

ಪ್ರಶ್ನೆ ಕೇಳುವ ಹೊತ್ತಿಗೆ ಒಬ್ಬ ಹುಡುಗ ಟ್ರೈಪಾಡ್ ಬಗ್ಗೆ ಕೇಳಿದ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಟ್ರೈಪಾಡ್ ಇಲ್ಲದೆಯೂ ಕೆಲಸ ಆಗುತ್ತೆ. ಬ್ಯಾಗನ್ನು ನೆಲದ ಮೇಲಿಟ್ಟು ಕ್ಯಾಮೆರಾ ಅದರ ಮೇಲಿಡಿ, ಎರಡು ಸೆಕೆಂಡ್ ಟೈಮರ್ ಹಾಕಿ ಕೈ ತೆಗೆಯಿರಿ. ಕೆತ್ತನೆ ಇರುವ ಕಂಬಕ್ಕೆ ಒರಗಬೇಡಿ, ದಯವಿಟ್ಟು. ದೊಡ್ಡಗದ್ದವಳ್ಳಿಯಂಥ ಜನ ಕಡಿಮೆ ಇರುವ ಗುಡಿಗಳಲ್ಲಿ ಭುವನೇಶ್ವರಿ, ಅಂದರೆ ಚಾವಣಿಯ ಕೆತ್ತನೆ ತೆಗೆಯಲು ಕ್ಯಾಮೆರಾವನ್ನು ಅಂಗಾತ ಮಲಗಿಸಿದರೆ ಸಾಕು, ಲೆನ್ಸ್ ನೇರ ಮೇಲೆ ನೋಡುತ್ತಿರುತ್ತದೆ. ನೀವು ಮಾತ್ರ ಪಕ್ಕಕ್ಕೆ ಬನ್ನಿ, ಇಲ್ಲದಿದ್ದರೆ ಭುವನೇಶ್ವರಿ ಜೊತೆ ನಿಮ್ಮ ಗದ್ದವೂ ಬರುತ್ತದೆ. ಗರ್ಭಗುಡಿ ಕಡೆ ಕ್ಯಾಮೆರಾ ತಿರುಗಿಸಬೇಡಿ.

ಮೊಬೈಲಿನಲ್ಲಿ ಆಗಲ್ವಾ ಅಂತ ಇನ್ನೊಬ್ಬರು. ಆಗುತ್ತೆ. ಗ್ರಿಡ್ ಗೆರೆ ಹಾಕಿಕೊಳ್ಳಿ, ಅಗಲದ ಲೆನ್ಸ್ ಬಿಟ್ಟು ಮಾಮೂಲಿ ಲೆನ್ಸ್ ಇಟ್ಟುಕೊಳ್ಳಿ. ಬೆಳಕಿರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದು ಸ್ವಲ್ಪ ಕೆಳಕ್ಕೆ ಎಳೆಯಿರಿ, ಚಿತ್ರ ಮಂಕಾಗುತ್ತದೆ. ಮೊಬೈಲಿಗೆ ಕತ್ತಲೆ ಕಂಡರೆ ಭಯ, ತಾನಾಗಿಯೇ ಬೆಳಗಿಸಲು ಹೋಗುತ್ತದೆ. ನೀವು ಹಿಡಿದು ನಿಲ್ಲಿಸಬೇಕು.

ಎಲ್ಲಾ ಮುಗಿದು ಕಾಫಿ ಕುಡಿಯುವಾಗ ಮೂಡಿಗೆರೆ ಕಡೆಯ ಒಬ್ಬ ಅಕ್ಕ ಮೊಬೈಲ್ ಹಿಡಿದುಕೊಂಡು ಬಂದರು. ತವರು ಮನೆಯ ಹಳೇ ಅಡಿಗೆ ಮನೆ. ಹೆಂಚಿನ ನಡುವೆ ಒಂದು ಗಾಜಿನ ಹೆಂಚು. ಸೌದೆ ಒಲೆಯ ಹೊಗೆ ಹಿಡಿದು ಜೇನಿನ ಬಣ್ಣಕ್ಕೆ ತಿರುಗಿದೆ. ಅದರ ಕೆಳಗೆ ಒಲೆ, ಹಂಡೆ, ಮಸಿ ಗೋಡೆ, ಎಲ್ಲಾ ಕಂದು ಬಣ್ಣದ ಮಬ್ಬು. “ಆ ಹೆಂಚು ಒರೆಸಿದ್ರೆ ಸರಿ ಹೋಗುತ್ತಾ ಸಾರ್?” ಅಂದರು. ಒರೆಸಿದರೆ ಬಿಸಿಲು ಕೋಲಿನ ಹಾಗೆ ನೇರ ಇಳಿಯುತ್ತದೆ, ಒಲೆ ಕಟ್ಟೆ ಮೇಲೆ ಚೂಪು ಚೌಕ ಬೀಳುತ್ತದೆ, ಉಳಿದದ್ದು ಇನ್ನೂ ಕಪ್ಪಾಗುತ್ತದೆ ಅಂದೆ. ಹೊಗೆ ಇದ್ದರೆ ಬೆಳಕು ಹರಡುತ್ತದೆ, ಮಬ್ಬು ಹೋಗುವುದಿಲ್ಲ. ಮೊದಲು ಇದ್ದ ಹಾಗೇ ಒಂದು ತೆಗೆಯಿರಿ, ಆಮೇಲೆ ಅರ್ಧ ಹೆಂಚು ಮಾತ್ರ ಒರೆಸಿ ಇನ್ನೊಂದು ತೆಗೆಯಿರಿ ಅಂದೆ. ಮೇಲೆ ಹತ್ತಲು ಏಣಿ ಇದೆಯಾ ಅಂತ ಕೇಳಿದೆ.

“ಮೆಣಸು ಕೊಯ್ಯೋ ಏಣಿ ಇದೆ” ಅಂದರು. “ಅರ್ಧ ಅಂದ್ರೆ ಯಾವ ಅರ್ಧ ಸಾರ್?”

ಒಲೆ ಕಡೆಯದು ಅಂದೆ.